ಘಟ್ಟ ಹತ್ತಿ ಬಂದ ಎಂಜಿನ್ನು

ಹೊನ್ನಾವರದಿಂದ ಗೇರುಸೊಪ್ಪೆಯ ಮೇಲೆ ಸಾಗರಕ್ಕೆ, ಕುಂದಾಪುರದಿಂದ ಹುಲಿಕಲ್ ಘಾಟಿ ಹತ್ತಿ ಹೊಸನಗರಕ್ಕೆ, ಉಡುಪಿಯಿಂದ ಆಗುಂಬೆ ದಾಟಿ ತೀರ್ಥಹಳ್ಳಿಗೆ. ಕರಾವಳಿಯ ಮೀನು, ಉಪ್ಪು, ತೆಂಗಿನಕಾಯಿ ಮಲೆನಾಡಿಗೆ ಹತ್ತಿ ಬಂದ ದಾರಿಗಳಿವು. ಇದೇ ದಾರಿಯಲ್ಲಿ ಒಮ್ಮೊಮ್ಮೆ ಪಿಕಪ್ ಗಾಡಿಯ ಹಿಂಭಾಗದಲ್ಲಿ ಗೋಣಿಚೀಲ ಸುತ್ತಿದ, ಉದ್ದ ಕಾಲಿನ ವಸ್ತುವೊಂದು ಮಲಗಿಕೊಂಡು ಬರುವುದುಂಟು. ಮೇಲೊಂದು ದಪ್ಪ ತಲೆ, ಕೆಳಗೆ ಸಣಕಲು ಕಾಲು, ಕಾಲಿನ ತುದಿಗೆ ಮೂರು ರೆಕ್ಕೆಯ ಪಂಖ. ಕಡಲಲ್ಲಿ ನಾಡದೋಣಿಯ ಹಿಂಬದಿಗೆ ತೂಗಿಕೊಂಡು ದುಡಿದ ಔಟ್‌ಬೋರ್ಡ್ ಎಂಜಿನ್ನು ಅದು. ಇನ್ನು ಮುಂದೆ ಅದು ಸಿಹಿನೀರಿನಲ್ಲಿ ಓಡಬೇಕು.

ಓಡುತ್ತದೆಯೇ ಇಲ್ಲವೇ ಎಂಬುದು ಗೋಣಿಚೀಲ ಬಿಚ್ಚಿದ ಮೇಲಿನ ಪ್ರಶ್ನೆ. ಅದಕ್ಕೆ ಉತ್ತರ ಹೇಳುವವನು ಮೆಕ್ಯಾನಿಕ್. ಅವನ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದು ದುಡ್ಡು ಕೊಡುವವನ ತಲೆನೋವು.

ಹಳೆಯ ಬೈಕು ಕೊಂಡು ಮೋಸಹೋದವನು ರಸ್ತೆಬದಿಯಲ್ಲಿ ನಿಲ್ಲಿಸಿ ಬಸ್ಸು ಹತ್ತಬಹುದು. ಲಿಂಗನಮಕ್ಕಿ ಹಿನ್ನೀರಿನ ನಡುವೆ ಎಂಜಿನ್ ಕೈಕೊಟ್ಟರೆ ಹತ್ತಲು ಬಸ್ಸಿಲ್ಲ. 1964ರಲ್ಲಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿಕೊಂಡಾಗ ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು, ಗದ್ದೆಗಳು, ತೋಟಗಳು ನೀರಿನಡಿ ಹೋದವು. ಗುಡ್ಡಗಳ ತುದಿಗಳು ನಡುಗಡ್ಡೆಗಳಾದವು. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಹರವು 300 ಚದರ ಕಿಲೋಮೀಟರಿಗೂ ಹೆಚ್ಚು. ಅದಕ್ಕೂ ಮುಂಚೆ, 1948ರಲ್ಲಿ ಮುಗಿದಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯೇ ಈ ನೀರಿನಲ್ಲಿ ಮುಳುಗಿಹೋಯಿತು ಎಂದ ಮೇಲೆ ಆಳದ ಲೆಕ್ಕ ಬೇರೆ ಬೇಕಿಲ್ಲ. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಆ ಹಳೆಯ ಕಟ್ಟೆ ಮತ್ತೆ ತಲೆ ಎತ್ತುತ್ತದೆ; ನೋಡಲು ಜನ ಹೋಗುತ್ತಾರೆ.

ಅಂಬಾರಗೊಡ್ಲು–ಕಳಸವಳ್ಳಿ ನಡುವೆ 2.44 ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಹೊಳೆಬಾಗಿಲಿನಲ್ಲಿ ಸಿಗಂದೂರಿಗೆ ಹೋಗುವವರು, ತುಮರಿ ಕಡೆಯ ಜನ, ಅವರ ಬೈಕು, ಕಾರು, ಬಸ್ಸುಗಳು ಲಾಂಚಿಗಾಗಿ ಸಾಲು ನಿಲ್ಲುತ್ತಿದ್ದ ಕಾಲ ಅಲ್ಲಿಗೆ ಮುಗಿಯಿತು. ಆದರೆ ಹಿನ್ನೀರಿನ ಕೈಗಳು ನೂರಾರು. ಒಂದು ಸೇತುವೆ ಒಂದು ಕೈಯನ್ನು ದಾಟಿಸುತ್ತದೆ, ಅಷ್ಟೆ. ಬಲೆ ಬಿಡುವವನಿಗೆ, ಆಚೆ ದಡದ ತೋಟಕ್ಕೆ ಹೋಗುವವನಿಗೆ ದೋಣಿಯೇ ದಾರಿ. ಹೊಸನಗರ ತಾಲ್ಲೂಕಿನಲ್ಲಿ ಶರಾವತಿಯ ಹಿನ್ನೀರು ಸಾಲದೆಂಬಂತೆ ಮಾಣಿ, ಚಕ್ರಾ, ಸಾವೆಹಕ್ಕಲು ಜಲಾಶಯಗಳೂ ಇವೆ. 2024ರ ನವೆಂಬರಿನಲ್ಲಿ ಕಳಸವಳ್ಳಿ ಬಳಿ ದೋಣಿ ಮಗುಚಿ ಮೂವರು ಯುವಕರು ನೀರುಪಾಲಾದ ಸುದ್ದಿ ಈ ಭಾಗದಲ್ಲಿ ಯಾರೂ ಮರೆತಿಲ್ಲ. ಆ ದುರಂತಕ್ಕೂ ಎಂಜಿನ್ನಿಗೂ ಸಂಬಂಧ ಕಲ್ಪಿಸಬೇಕಾಗಿಲ್ಲ. ಹಿನ್ನೀರು ಹೊರಗಿನವರಿಗೆ ಕಾಣುವಷ್ಟು ಶಾಂತವಲ್ಲ ಎಂಬುದಕ್ಕೆ ಅದು ಸಾಕ್ಷಿ. ಮಧ್ಯಾಹ್ನ ಗಾಳಿ ಎದ್ದಿತೆಂದರೆ ಇಲ್ಲಿಯೂ ಅಲೆ ಏಳುತ್ತದೆ.

‘ಬ್ಲಾಕ್ ಹೋಗಿದೆ ನಾಯ್ಕರೆ’

ಹೀಗೆಂದುಕೊಳ್ಳೋಣ: ತುಮರಿ ಕಡೆಯ ಒಬ್ಬ ನಾಯ್ಕರು ಎರಡು ಸಿಲಿಂಡರಿನ ಹಳೆಯ ಎಂಜಿನ್ನೊಂದನ್ನು ನೋಡಿದ್ದಾರೆ. ಮಾರುವವನು, ‘ಎಂತ ಆಗ್ಲಿಲ್ಲ ಇದಕ್ಕೆ, ಪ್ಲಗ್ ಬದಲಿಸಿದ್ರೆ ಹಾರ್ತದೆ’ ಎನ್ನುತ್ತಾನೆ. ನಾಯ್ಕರು ಕರೆತಂದ ಮೆಕ್ಯಾನಿಕ್ ಹಗ್ಗವನ್ನು ಎರಡು ಸಲ ಎಳೆದು ನೋಡಿ ಕೈ ಝಾಡಿಸುತ್ತಾನೆ: ‘ಕಂಪ್ರೆಶನ್ನೇ ಇಲ್ಲ. ಬ್ಲಾಕ್ ಹೋಗಿದೆ ನಾಯ್ಕರೆ. ಬಿಟ್ಟುಬಿಡಿ.’

ಇಬ್ಬರಲ್ಲಿ ಯಾರ ಮಾತು ಸರಿ? ಇಬ್ಬರದೂ ತಪ್ಪಿರಬಹುದು. ಮಾರುವವನ ಮಾತಿಗೆ ಬೆಲೆ ಕಟ್ಟುವುದು ಎಲ್ಲರಿಗೂ ಗೊತ್ತಿರುವ ವಿದ್ಯೆ. ಮೆಕ್ಯಾನಿಕ್‌ನ ಮಾತಿಗೆ ಬೆಲೆ ಕಟ್ಟುವುದೇ ಕಷ್ಟ. ಏಕೆಂದರೆ ಅವನಿಗೆ ಗೊತ್ತಿರುವುದು ನಾಯ್ಕರಿಗೆ ಗೊತ್ತಿಲ್ಲ. ಗೊತ್ತಿದ್ದರೆ ಅವನನ್ನು ಕರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಆದರೆ ವಿದ್ಯೆ ಇಲ್ಲದವನೂ ಕೇಳಬಹುದಾದ ಒಂದು ಪ್ರಶ್ನೆ ಇದೆ: ‘ಇದು ನಿಮಗೆ ಹೇಗೆ ಗೊತ್ತಾಯಿತು?’ ಕೈಯಲ್ಲಿ ಹಗ್ಗ ಎಳೆದಾಗ ಸಿಕ್ಕ ಬಿಗಿಯಿಂದ ಗೊತ್ತಾಯಿತು ಎಂದರೆ ಅದು ಅಂದಾಜು. ಅಳತೆಯ ಗೇಜು ಹಾಕಿ ನೋಡಿದೆ, ಒಂದು ಸಿಲಿಂಡರಿನಲ್ಲಿ ಇಷ್ಟು, ಇನ್ನೊಂದರಲ್ಲಿ ಇಷ್ಟು ಎಂದರೆ ಅದು ಪರೀಕ್ಷೆ. ಎರಡರ ನಡುವಿನ ವ್ಯತ್ಯಾಸ ಅಡಿಕೆಯನ್ನು ಕಣ್ಣಲ್ಲಿ ತೂಗುವುದಕ್ಕೂ ತಕ್ಕಡಿಯಲ್ಲಿ ತೂಗುವುದಕ್ಕೂ ಇರುವ ವ್ಯತ್ಯಾಸ. ಕಣ್ಣಳತೆಯ ಪಳಗಿದ ವ್ಯಾಪಾರಿಗಳು ಇರುತ್ತಾರೆ, ನಿಜ; ಹಾಗೆಂದು ಮಂಡಿಯಲ್ಲಿ ತಕ್ಕಡಿ ಎತ್ತಿಟ್ಟವರಿಲ್ಲ.

ಗೇಜು ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ. ಎರಡೂ ಪ್ಲಗ್ ಬಿಚ್ಚಿರಬೇಕು, ಕರೆಂಟು ಹಾರದಂತೆ ಪ್ಲಗ್ಗಿನ ವೈರುಗಳನ್ನು ಬಾಡಿಗೆ ತಾಗಿಸಿರಬೇಕು, ಗಾಳಿ ಪೂರ್ತಿ ಒಳಹೋಗುವಂತೆ ಆಕ್ಸಿಲೇಟರ್ ಪೂರಾ ತೆರೆದಿರಬೇಕು, ಮುಳ್ಳು ಇನ್ನು ಮೇಲೇರದು ಎನ್ನುವವರೆಗೆ ಹಗ್ಗ ಎಳೆಯಬೇಕು. ಎರಡೇ ಸಲ ಎಳೆದು, ಆಕ್ಸಿಲೇಟರ್ ಮುಚ್ಚಿಕೊಂಡೇ ನೋಡಿದರೆ ಗಟ್ಟಿ ಎಂಜಿನ್ನೂ ಸೊರಗಿದ್ದಾಗಿ ಕಾಣುತ್ತದೆ. ಬಂದ ಅಂಕಿಗಿಂತಲೂ ಎರಡು ಸಿಲಿಂಡರುಗಳ ನಡುವಿನ ಅಂತರ ಹೆಚ್ಚು ಮುಖ್ಯ. ಒಂದು 88 ಪೌಂಡು, ಇನ್ನೊಂದು 84 ಪೌಂಡು ಬಂದರೆ ಎರಡೂ ಸಮನಾಗಿ ಸವೆದಿವೆ ಎಂದರ್ಥ. ಒಂದು 90, ಇನ್ನೊಂದು 55 ಆದರೆ ಆ ಎರಡನೆಯದರಲ್ಲಿ ಏನೋ ಆಗಿದೆ. ನೂರಕ್ಕೆ ಹತ್ತರಷ್ಟು ಅಂತರದವರೆಗೆ ಸಾಮಾನ್ಯವಾಗಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಇಲ್ಲಿಯೇ ಮಲೆನಾಡಿನ ಮೆಕ್ಯಾನಿಕ್ ಎಡವಬಹುದಾದ ಒಂದು ಕಲ್ಲು ಇದೆ. ಕರಾವಳಿಯ ನಾಡದೋಣಿಗಳಲ್ಲಿ ಬಹುಕಾಲ ಓಡಿದ್ದು ಸೀಮೆಎಣ್ಣೆಯ ಎಂಜಿನ್ನುಗಳು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತರುವ ಕ್ರಮ ಅದರದು. ಸೀಮೆಎಣ್ಣೆ ಹೆಚ್ಚು ಒತ್ತಡದಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದರಿಂದ ಈ ಎಂಜಿನ್ನುಗಳನ್ನು ತಯಾರಿಸುವಾಗಲೇ ಒತ್ತಡ ಕಡಿಮೆ ಇಟ್ಟಿರುತ್ತಾರೆ. ಅದೇ ಕಂಪನಿಯ, ಅದೇ ಕುದುರೆಶಕ್ತಿಯ ಪೆಟ್ರೋಲ್ ಎಂಜಿನ್ನಿನ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಅಳೆದರೆ ಆರೋಗ್ಯವಂತನಿಗೂ ಕ್ಷಯ ಎಂದು ಚೀಟಿ ಬರೆದ ಹಾಗಾಗುತ್ತದೆ. ಮೊದಲು ಎಂಜಿನ್ನಿನ ಮೇಲಿನ ತಗಡಿನಲ್ಲಿ ಮಾದರಿಯ ಅಕ್ಷರ ಓದಬೇಕು, ಅದರ ಕೈಪಿಡಿಯ ಅಂಕಿ ನೋಡಬೇಕು.

ಇನ್ನೊಂದು ಸೂಕ್ಷ್ಮ ಘಟ್ಟಕ್ಕೇ ಸೇರಿದ್ದು. ಕಡಲ ದಂಡೆಗಿಂತ 1800 ಅಡಿ ಮೇಲೆ ಗಾಳಿ ನೂರಕ್ಕೆ ಆರರಷ್ಟು ತೆಳುವಾಗಿರುತ್ತದೆ. ಮಲ್ಪೆಯಲ್ಲಿ 120 ಪೌಂಡು ತೋರಿಸಿದ ಎಂಜಿನ್ನು ಹೊಳೆಬಾಗಿಲಿನ ದಂಡೆಯಲ್ಲಿ 112ರ ಸುಮಾರು ತೋರಿಸಿದರೆ ದಾರಿಯಲ್ಲಿ ಯಾರೂ ಅದನ್ನು ಕೆಡಿಸಿಲ್ಲ. ಎಳೆಯುವ ಶಕ್ತಿಯೂ ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತದೆ. ‘ಅಲ್ಲಿ ಚೆನ್ನಾಗಿ ಓಡ್ತಿತ್ತು, ಇಲ್ಲಿ ಉಸಿರು ಕಟ್ತದೆ’ ಎಂಬ ದೂರಿನಲ್ಲಿ ಒಂದು ಪಾಲು ಸತ್ಯ ಗಾಳಿಯದು. ಆದರೆ ಮೋಸಗಾರನೂ ಇದೇ ಮಾತನ್ನು ಗುರಾಣಿ ಮಾಡಿಕೊಳ್ಳಬಹುದು. ಆರು ಭಾಗ ಘಟ್ಟದ್ದು. ಮೂವತ್ತು ಭಾಗ ಕಡಿಮೆ ಬಂದರೆ ಅದನ್ನು ಘಟ್ಟದ ತಲೆಗೆ ಕಟ್ಟಲಾಗದು.

ಒಂದು ಸಿಲಿಂಡರು ನಿಜಕ್ಕೂ ಸೋತಿದೆ ಎಂದೇ ಇಟ್ಟುಕೊಳ್ಳಿ. ಆಗಲೂ ‘ಬ್ಲಾಕ್ ಹೋಗಿದೆ’ ಎಂಬುದು ಕಟ್ಟಕಡೆಯ ತೀರ್ಪು, ಮೊದಲನೆಯದಲ್ಲ. ಸೀಮೆಎಣ್ಣೆಯ ಮಸಿ ಕಟ್ಟಿ ಪಿಸ್ಟನ್ನಿನ ರಿಂಗು ತನ್ನ ಗಾಡಿಯಲ್ಲಿ ಅಂಟಿಕೊಂಡಿರಬಹುದು. ಮಸಿ ಬಿಡಿಸುವ ದ್ರಾವಣವನ್ನು ಪ್ಲಗ್ಗಿನ ತೂತಿನಿಂದ ಬಿಟ್ಟು, ಒಂದು ರಾತ್ರಿ ನೆನೆಸಿ, ಮರುದಿನ ಓಡಿಸಿ ಮತ್ತೆ ಅಳೆದಾಗ ಅಂಕಿ ಏರಿದ್ದರೆ ಅರ್ಧ ರೋಗ ಅಲ್ಲಿಗೇ ಗುಣವಾಯಿತು. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು. ಅದೂ ಬ್ಲಾಕ್ ಅಲ್ಲ. ಹೊಗೆ ಹೋಗುವ ದಾರಿಯ ಮುಚ್ಚಳ ಬಿಚ್ಚಿ, ಬ್ಯಾಟರಿ ಬಿಟ್ಟು ನೋಡಿದರೆ ಪಿಸ್ಟನ್ನಿನ ಮೈಯೇ ಕಾಣುತ್ತದೆ. ಅಲ್ಲಿ ಉದ್ದುದ್ದ ಗೀರು ಬಿದ್ದಿದ್ದರೆ ಮೆಕ್ಯಾನಿಕ್ ಗೆದ್ದ. ಆ ಗೀರನ್ನು ನಾಯ್ಕರಿಗೂ ತೋರಿಸಲಿ. ಗೀರು ನೋಡಲು ಯಾವ ಐಟಿಐಯೂ ಬೇಕಿಲ್ಲ.

ಉಪ್ಪಿನ ಋಣ

ಈ ಮೂರು ತಾಲ್ಲೂಕುಗಳಲ್ಲಿ ಟೂ ಸ್ಟ್ರೋಕ್ ಎಂಜಿನ್ನು ಗೊತ್ತಿರುವ ಕೈಗಳಿಗೆ ಬರವಿಲ್ಲ. ಮೈಸೂರಿನ ಜಾವಾ, ಯೆಜ್ಡಿಗಳು, ಆಮೇಲೆ ಬಂದ ಆರ್‌ಎಕ್ಸ್ 100 ಮಲೆನಾಡಿನ ಏರುಗಳನ್ನು ಹತ್ತಿದ ಕಾಲದಲ್ಲಿ ಪಳಗಿದವರು ಇದ್ದಾರೆ. ಅವರ ನಂತರದವರಿಗೆ ಕಳೆ ಕೊಚ್ಚುವ ಯಂತ್ರವೇ ಪಾಠಶಾಲೆ. ಆದರೆ ಇವೆಲ್ಲ ಗಾಳಿಯಿಂದ ತಣ್ಣಗಾಗುವ ಎಂಜಿನ್ನುಗಳು. ಔಟ್‌ಬೋರ್ಡಿನ ತಲೆ ಅವರಿಗೆ ಪರಿಚಿತ; ಕಾಲು ಅಪರಿಚಿತ. ಎಂಜಿನ್ನು ಸಾಯುವುದು ಮಾತ್ರ ಬಹಳ ಸಲ ಕಾಲಿನ ಕಡೆಯಿಂದಲೇ.

ಆ ಕಾಲಿನೊಳಗೆ ರಬ್ಬರಿನ ರೆಕ್ಕೆಗಳ ಒಂದು ಸಣ್ಣ ಚಕ್ರ ಇದೆ, ಇಂಪೆಲರ್. ಹೊಳೆಯ ನೀರನ್ನು ಮೇಲೆತ್ತಿ ಸಿಲಿಂಡರಿನ ಸುತ್ತ ಹಾಯಿಸಿ ತಣ್ಣಗಿಡುವುದು ಅದರ ಕೆಲಸ. ಎಂಜಿನ್ನಿನ ಹಿಂದಿನಿಂದ ಸಣ್ಣ ಧಾರೆಯಾಗಿ ನೀರು ಚಿಮ್ಮುತ್ತಿದ್ದರೆ ಪಂಪು ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು. ಧಾರೆ ಬರುತ್ತಿಲ್ಲ ಎಂದರೆ ಮೂರು ಸಾಧ್ಯತೆ: ಇಂಪೆಲರ್ ಒಣಗಿ ಮುರಿದಿದೆ, ಅಥವಾ ನೀರಿನ ಓಣಿಗಳಲ್ಲಿ ಉಪ್ಪು ಕಟ್ಟಿದೆ, ಅಥವಾ ಧಾರೆಯ ತೂತಿಗೇ ಮಣ್ಣು ಸೇರಿದೆ. ಮೂರನೆಯದಕ್ಕೆ ಒಂದು ತಂತಿ ಸಾಕು. ಕಡಲಲ್ಲಿ ದುಡಿದ ಮೇಲೆ ಪ್ರತಿಸಲ ಸಿಹಿನೀರು ಹಾಯಿಸಿ ತೊಳೆದ ಎಂಜಿನ್ನಿಗೂ ತೊಳೆಯದೇ ಬಿಟ್ಟದ್ದಕ್ಕೂ ಅಜಗಜಾಂತರ. ಅದನ್ನು ಕಂಡುಹಿಡಿಯಲು ಕಾಲಿಗೆ ಬಿಗಿದ ಸತುವಿನ ತುಂಡನ್ನು ನೋಡಿದರೆ ಸಾಕು. ಅಲ್ಯೂಮಿನಿಯಮ್ಮಿನ ಬದಲು ತಾನು ಕರಗಲೆಂದೇ ಇಟ್ಟ ಲೋಹ ಅದು. ಅದು ಅರ್ಧ ಸವೆದಿದ್ದರೆ ಒಳ್ಳೆಯ ಲಕ್ಷಣ. ಪೂರ್ತಿ ಮಾಯವಾಗಿದ್ದರೆ ಆಮೇಲೆ ಉಪ್ಪು ತಿಂದದ್ದು ಎಂಜಿನ್ನಿನ ಮೈಯನ್ನೇ. ಅದರ ಮೇಲೆಯೇ ಬಣ್ಣ ಬಳಿದಿದ್ದರೆ? ಬಳಿದವನಿಗೆ ಅದು ಯಾಕೆ ಇದೆ ಎಂದು ಗೊತ್ತಿರಲಿಲ್ಲ. ಅವನು ಉಳಿದದ್ದನ್ನೂ ಹಾಗೆಯೇ ನೋಡಿಕೊಂಡಿರುತ್ತಾನೆ. ಸಿಲಿಂಡರ್ ಹೆಡ್ಡಿನ ಬಳಿ ಬಣ್ಣ ಗುಳ್ಳೆ ಎದ್ದಿದ್ದರೆ ಎಂಜಿನ್ನು ಒಮ್ಮೆಯಾದರೂ ನೀರಿಲ್ಲದೆ ಕಾದಿದೆ.

ಉಪ್ಪು ತಿಂದ ಎಂಜಿನ್ನಿನ ವಿಷಯದಲ್ಲಿ ಒಳ್ಳೆಯ ಮೆಕ್ಯಾನಿಕ್ ಹೇಳುವ ಒಂದು ಮಾತನ್ನು ಗಿರಾಕಿಗಳು ತಪ್ಪು ತಿಳಿಯುವುದುಂಟು. ‘ಬಿಚ್ಚಿದ್ರೆ ಬೋಲ್ಟು ಮುರೀಬಹುದು, ಆಮೇಲೆ ನನ್ನ ಕೇಳ್ಬೇಡಿ’ ಎಂಬ ಮಾತು ಅದು. ಕೈಲಾಗದವನ ನೆಪದಂತೆ ಕೇಳಿಸುತ್ತದೆ. ಅಲ್ಲ. ಅಲ್ಯೂಮಿನಿಯಮ್ಮಿನಲ್ಲಿ ಕೂತ ಉಕ್ಕಿನ ಬೋಲ್ಟು ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಇದ್ದರೆ ಬೆಸುಗೆ ಹಾಕಿದಂತೆ ಹಿಡಿದಿರುತ್ತದೆ. ತಲೆ ಮುರಿಯುವುದು ಪಳಗಿದ ಕೈಯಲ್ಲೂ ಆಗುವಂಥದ್ದೇ. ಮುರಿದರೆ ಖರ್ಚು ಯಾರದು ಎಂಬುದನ್ನು ಸ್ಪ್ಯಾನರ್ ಹಾಕುವ ಮುಂಚೆ ಮಾತನಾಡಿಕೊಳ್ಳುವುದು ಉತ್ತಮ. ಆ ಎಚ್ಚರಿಕೆ ಕೊಡದೆ ‘ಎಲ್ಲಾ ಆಗ್ತದೆ’ ಎನ್ನುವವನ ಬಗ್ಗೆಯೇ ಸಂಶಯ ಪಡಬೇಕು.

ಕಿಡಿ ಬರುತ್ತಿಲ್ಲ ಎಂಬ ದೂರಿಗೆ ‘ಸಿಡಿಐ ಹೋಗಿದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಪೆಟ್ಟಿಗೆ ದುಬಾರಿ, ಬಿಚ್ಚಿ ನೋಡುವ ಹಾಗೂ ಇಲ್ಲ. ಎಂಜಿನ್ ನಿಲ್ಲಿಸುವ ಗುಂಡಿಯ ವೈರನ್ನು ಒಮ್ಮೆ ಕಳಚಿ ಹಗ್ಗ ಎಳೆದು ನೋಡಲು ಖರ್ಚಿಲ್ಲ. ಉಪ್ಪುಗಾಳಿಗೆ ಹಸಿರು ಕಿಲುಬು ಹಿಡಿದ ಗುಂಡಿಯೇ ಕರೆಂಟನ್ನು ನುಂಗುತ್ತಿದ್ದರೆ ಕಿಡಿ ತಕ್ಷಣ ಮರಳುತ್ತದೆ.

ಮುಳುಗಿದ ಕಾಡು

ಶರಾವತಿಯ ಹಿನ್ನೀರಿಗೆ ಕಡಲಿನಲ್ಲಿಲ್ಲದ ಒಂದು ಅಪಾಯ ಇದೆ. ನೀರಿನಡಿ ಇರುವುದು ಮರಳಲ್ಲ, ಕಾಡು. ಅರವತ್ತು ವರ್ಷ ಕಳೆದರೂ ಕೊಳೆಯದ ಮರದ ಬೊಡ್ಡೆಗಳು ನೀರು ಇಳಿದಂತೆ ಮೇಲಕ್ಕೆ ಬರುತ್ತವೆ. ಜನವರಿಯಲ್ಲಿ ನಿರಾಳವಾಗಿ ಹೋದ ದಾರಿಯಲ್ಲೇ ಏಪ್ರಿಲಿನಲ್ಲಿ ಪಂಖ ಬೊಡ್ಡೆಗೆ ಬಡಿಯುತ್ತದೆ. ತೀರ್ಥಹಳ್ಳಿಯಲ್ಲಿ ತುಂಗೆಯದು ಬೇರೆ ಕಥೆ: ಎಳ್ಳಮಾವಾಸ್ಯೆ ಜಾತ್ರೆಯ ತೆಪ್ಪೋತ್ಸವದ ಹೊತ್ತಿಗೆ ನೀರು ಇಳಿದು ಬಂಡೆಗಳು ಎದ್ದು ಕೂತಿರುತ್ತವೆ. ಕಡಲಿನ ಅಲೆಗೆಂದು ಮಾಡಿದ 20 ಅಂಗುಲದ ಉದ್ದ ಕಾಲಿನ ಎಂಜಿನ್ನನ್ನು ಇಂಥ ಕಡೆ ತಗ್ಗಿನ ದೋಣಿಗೆ ಕಟ್ಟಿದರೆ ಕಲ್ಲನ್ನೂ ಬೊಡ್ಡೆಯನ್ನೂ ಹುಡುಕಿಕೊಂಡು ಹೋದಂತೆ. ಅಲ್ಲಿಗೆ 15 ಅಂಗುಲದ್ದೇ ಸರಿ.

ಬೊಡ್ಡೆಗೆ ಬಡಿದ ಮೇಲೆ ಎಂಜಿನ್ನು ಅರಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ‘ಗೇರ್ ಬಾಕ್ಸ್ ಹೋಗಿದೆ’ ಎಂಬ ತೀರ್ಪು ಬರುವುದು ಆಗ. ಸಣ್ಣ ಎಂಜಿನ್ನುಗಳಲ್ಲಿ ಪೆಟ್ಟು ಬಿದ್ದಾಗ ಮುರಿಯಲೆಂದೇ ಇಟ್ಟ ಒಂದು ಪಿನ್ನು ಇರುತ್ತದೆ. ಅದನ್ನು ಬದಲಿಸಲು ಕಾಲು ಗಂಟೆ. ದೊಡ್ಡದರಲ್ಲಿ ಪಂಖದ ನಡುವೆ ರಬ್ಬರಿನ ಗುಬ್ಬಿ ಇದ್ದು ಅದು ಜಾರುತ್ತದೆ. ಜಾರಿದೆಯೋ ಇಲ್ಲವೋ ತಿಳಿಯಲು ನಡುವಿನ ಗುಬ್ಬಿಗೂ ಪಂಖಕ್ಕೂ ಅಡ್ಡಲಾಗಿ ಬಣ್ಣದ ಒಂದು ಗೆರೆ ಎಳೆದು, ಒಂದು ಸುತ್ತು ಹೋಗಿಬಂದು ನೋಡಬೇಕು. ಗೆರೆ ಎರಡಾಗಿ ಬೇರೆಬೇರೆ ಕಡೆ ಸರಿದಿದ್ದರೆ ಗೇರು ಬಾಕ್ಸು ನಿರಪರಾಧಿ.

ಗೇರ್ ಬಾಕ್ಸಿನ ನಿಜಸ್ಥಿತಿ ಅದರ ಎಣ್ಣೆ ಹೇಳುತ್ತದೆ. ಕೆಳಗಿನ ಬಿರಡೆ ತಿರುಗಿಸಿದಾಗ ಬರುವ ಎಣ್ಣೆ ಕಪ್ಪಗಿದ್ದರೆ ಹಳೆಯದು ಅಷ್ಟೆ. ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ. ಪಂಖದ ಹಿಂದೆ ಬಲೆಯ ನೂಲು ಸುತ್ತಿಕೊಂಡು ಸೀಲು ಕೊಯ್ದಿರುವುದೇ ಎಷ್ಟೋ ಸಲ ಕಾರಣ. ಸೀಲಿಗೆ ಹೆಚ್ಚು ಖರ್ಚಿಲ್ಲ. ಎಣ್ಣೆಯನ್ನು ಬೆರಳ ನಡುವೆ ಉಜ್ಜಿದಾಗ ಲೋಹದ ಚೂರು ಸಿಕ್ಕಿದರೆ ಮಾತ್ರ ಮೆಕ್ಯಾನಿಕ್ ಹೇಳಿದ ದೊಡ್ಡ ಮೊತ್ತಕ್ಕೆ ಎದೆ ಗಟ್ಟಿಮಾಡಿಕೊಳ್ಳಬೇಕು. ಮಾರುವವನು ‘ನಿನ್ನೆಯಷ್ಟೇ ಹೊಸ ಎಣ್ಣೆ ಹಾಕಿದೆ’ ಎಂದರೆ? ಒಳ್ಳೆಯದೇ. ಅರ್ಧ ಗಂಟೆ ಓಡಿಸಿ, ಮತ್ತೆ ಬಿರಡೆ ಬಿಚ್ಚಿ ನೋಡಬಹುದು.

ಔಟ್‌ಬೋರ್ಡ್ ಎಂಬ ಈ ವಿಚಿತ್ರ ಪ್ರಾಣಿಯ ಹುಟ್ಟಿಗೆ ಒಂದು ಐಸ್‌ಕ್ರೀಮಿನ ಕಥೆ ಇದೆ. ಅಮೆರಿಕದ ಮಿಲ್ವಾಕಿಯಲ್ಲಿದ್ದ, ನಾರ್ವೆ ಮೂಲದ ಓಲೆ ಎವಿನ್ರೂಡ್ ಬೇಸಿಗೆಯ ಒಂದು ದಿನ ತನ್ನ ಮನದನ್ನೆ ಬೆಸ್ಸ್‌ಳಿಗಾಗಿ ಕೆರೆ ದಾಟಿ ಐಸ್‌ಕ್ರೀಮ್ ತರಲು ಹೋದನಂತೆ. ಹುಟ್ಟು ಹಾಕಿ ಮರಳಿ ಬರುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ. ದೋಣಿಗೆ ಎಂಜಿನ್ನು ಕಟ್ಟುವ ಹಟ ಅಲ್ಲಿ ಹುಟ್ಟಿತು ಎನ್ನುತ್ತಾರೆ. ಅವನಿಗೂ ಮುಂಚೆ 1905ರ ಸುಮಾರಿಗೆ ಕ್ಯಾಮರಾನ್ ವಾಟರ್‌ಮನ್ ಎಂಬಾತ ಇಂಥದೊಂದನ್ನು ಮಾಡಿದ್ದ; ಆದರೆ 1909ರಿಂದ ಮಾರುಕಟ್ಟೆ ಗೆದ್ದದ್ದು ಎವಿನ್ರೂಡ್. ಜಪಾನಿನ ಯಮಹಾ ತನ್ನ ಮೊದಲ ಔಟ್‌ಬೋರ್ಡ್ ತಂದದ್ದು 1960ರಲ್ಲಿ. ನೂರು ವರ್ಷ ದಾಟಿದ ಎವಿನ್ರೂಡ್ ಹೆಸರಿನ ಎಂಜಿನ್ನುಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು. ಹಳೆಯ ಎಂಜಿನ್ನು ಕೊಳ್ಳುವವನಿಗೆ ಈ ಚರಿತ್ರೆಯಲ್ಲಿ ಕೆಲಸಕ್ಕೆ ಬರುವುದು ಕೊನೆಯ ವಾಕ್ಯ. ಬಿಡಿಭಾಗ ಸಿಗುತ್ತದೆಯೇ ಎಂದು ಮೆಕ್ಯಾನಿಕ್‌ನನ್ನು ಮೊದಲೇ ಕೇಳಬೇಕು. ರೋಗ ಸರಿಯಾಗಿ ಹಿಡಿದೂ ಔಷಧಿ ಸಿಗದಿದ್ದರೆ ಆ ಜಾಣತನ ಯಾರಿಗೆ ಬೇಕು?

ರಾಜ್ಯ ಸರ್ಕಾರ ತನ್ನ 2023ರ ಬಜೆಟ್ಟಿನಲ್ಲಿ ಸೀಮೆಎಣ್ಣೆ ಎಂಜಿನ್ನುಗಳನ್ನು ಬದಲಿಸಲು ಮೀನುಗಾರರಿಗೆ ಸಹಾಯಧನ ಪ್ರಕಟಿಸಿತು. ಬದಲಿಸಿದ ಮೇಲೆ ಹಳೆಯದನ್ನು ಯಾರೂ ಕಡಲಿಗೆ ಎಸೆಯುವುದಿಲ್ಲ. ಹಾಗೆ ಬರುವ ಎಂಜಿನ್ನಿನ ಬೆಲೆ ಕಡಿಮೆ ಎಂದು ಹಿಗ್ಗುವ ಮೊದಲು ಸೀಮೆಎಣ್ಣೆ ಎಲ್ಲಿಂದ ತರುವುದು ಎಂದೂ ಯೋಚಿಸಬೇಕು. ಎಂಜಿನ್ನು ಕಟ್ಟಿದ ದೋಣಿಗೆ ನೋಂದಣಿಯ ಕಟ್ಟುಪಾಡು ಇದೆ, 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ. ಹಿನ್ನೀರಿನ ಬಹುಭಾಗ ಶರಾವತಿ ಅಭಯಾರಣ್ಯಕ್ಕೆ ಅಂಟಿಕೊಂಡಿರುವುದರಿಂದ ಅರಣ್ಯ ಇಲಾಖೆಯವರನ್ನೂ ವಿಚಾರಿಸಿಕೊಳ್ಳಬೇಕು. ಆ ತಲೆಬಿಸಿಗೆ ಮೆಕ್ಯಾನಿಕ್‌ನಲ್ಲಿ ಮದ್ದಿಲ್ಲ.

ಎಲ್ಲ ಅಳತೆ ಮುಗಿದ ಮೇಲೂ ನೀರಿಗಿಳಿಸದೆ ಮಾತು ಮುಗಿಯುವುದಿಲ್ಲ. ವರ್ಕ್‌ಶಾಪಿನ ಡ್ರಮ್ಮಿನಲ್ಲಿ ಓಡಿದ ಎಂಜಿನ್ನು ಹೊರೆ ಕಂಡಿರುವುದಿಲ್ಲ. ದೋಣಿಗೆ ಕಟ್ಟಿ, ಎರಡು ಮೂರು ಜನ ಕೂತು, ದಡದ ಗುಂಟ ಅರ್ಧ ಗಂಟೆ ಓಡಿಸಬೇಕು. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ಸೊರಗುವ ರೋಗಗಳು ಆಗಲೇ ಹೊರಬೀಳುವುದು. ಹತ್ತು ನಿಮಿಷ ಓಡಿ ಉಸಿರು ಕಟ್ಟಿ ನಿಂತರೆ ‘ಕಾರ್ಬುರೇಟರ್ ಬಿಚ್ಚಬೇಕು’ ಎಂದು ಮೆಕ್ಯಾನಿಕ್ ಹೇಳುವ ಮೊದಲು ಎಣ್ಣೆ ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ತಿರುಪನ್ನು ಯಾರಾದರೂ ನೋಡಬೇಕು. ಸಾಗಿಸುವಾಗ ಚೆಲ್ಲದಿರಲೆಂದು ಮುಚ್ಚಿದ್ದನ್ನು ತೆರೆಯಲು ಮರೆತರೆ ಎಂಥ ಹೊಸ ಎಂಜಿನ್ನೂ ಅಲ್ಲಿಯೇ ನಿಲ್ಲುತ್ತದೆ.

ಪರೀಕ್ಷೆಗೆ ಮೆಕ್ಯಾನಿಕ್‌ಗೆ ಕೊಡುವ ಕೂಲಿಯನ್ನು ಎಂಜಿನ್ನು ಕೊಂಡರೂ ಬಿಟ್ಟರೂ ಒಂದೇ ಎಂದು ಮೊದಲೇ ಮಾತಾಡಿಕೊಂಡಿದ್ದರೆ ಅವನ ನಾಲಗೆಗೂ ಸ್ವಾತಂತ್ರ್ಯ. ಮಾರುವವನಿಂದ ಕಮಿಷನ್ನಿನ ಆಸೆಯಿಲ್ಲ, ರಿಪೇರಿಯ ಬಿಲ್ಲಿನ ಆಸೆಯಿಲ್ಲ ಎಂದಾಗ ಆಡಿದ ಮಾತಿನ ತೂಕವೇ ಬೇರೆ.

ಮೇಲಿನ ನಾಯ್ಕರ ವಿಷಯಕ್ಕೆ ಬಂದರೆ, ಗೇಜು ತರಿಸಿ ಅಳೆದಾಗ 88 ಮತ್ತು 84 ಎಂದು ಬಂದಿದ್ದರೆ, ತಗಡಿನ ಮೇಲಿನ ಅಕ್ಷರ ಅದು ಸೀಮೆಎಣ್ಣೆಯ ಮಾದರಿ ಎಂದು ಹೇಳಿ ಅದರ ಕೈಪಿಡಿಯ ಅಂಕಿಯೂ ಅದರ ಹತ್ತಿರವೇ ಇದ್ದರೆ, ಬ್ಲಾಕ್ ಹೋಗಿಲ್ಲ. ಗೇರ್ ಎಣ್ಣೆ ಹಾಲಾಗಿದ್ದರೆ ಸೀಲಿನ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಬಹುದು. ಹೊಸ ಇಂಪೆಲರ್ ಹೇಗೂ ಹಾಕಿಸಬೇಕು, ಹಳೆಯದು ಸರಿಯಿದೆ ಎಂದು ಯಾರೇ ಹೇಳಲಿ. ನೀರಿಗಿಳಿಸುವ ದಿನ ಮೆಕ್ಯಾನಿಕ್‌ನನ್ನೂ ದೋಣಿಯಲ್ಲೇ ಕೂರಿಸಿಕೊಂಡರೆ ಒಳ್ಳೆಯದು. ಹೊರಡುವಾಗ ಎರಡು ಹುಟ್ಟುಗಳನ್ನೂ ಒಳಗೆ ಹಾಕಿಕೊಳ್ಳಬೇಕು.